ಬಡತನದ ಪಂಚಾಂಗ

ರಾಯಚೂರು, ಯಾದಗಿರಿ ಜಿಲ್ಲೆಗಳ ಹಳ್ಳಿಗಳಲ್ಲಿ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತನಾಗಿ ಬಹುಕಾಲ ತಿರುಗಿದವನು ನಾನು. ಮಹಿಳಾ ಸಂಘ ಕಟ್ಟುವುದು, ಅರ್ಜಿ ಬರೆದುಕೊಡುವುದು, ಉದ್ಯೋಗ ಖಾತ್ರಿ ಕೆಲಸಕ್ಕಾಗಿ ಪಂಚಾಯಿತಿ ಬಾಗಿಲು ತಟ್ಟುವುದು ನಿತ್ಯದ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ‘ಬಡತನ ಹೋಗಬೇಕಾದರೆ ಎಲ್ಲಿಂದ ಶುರು ಮಾಡಬೇಕು ಸರ್?’ ಎಂದು ಕೇಳುತ್ತಾರೆ. ಬಡವರ ಆದಾಯ ಕಡಿಮೆ ಎನ್ನುವುದು ಎಲ್ಲರಿಗೂ ಗೊತ್ತು. ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ ಎನ್ನುವುದು ಯೋಜನೆ ಮಾಡುವವರಿಗೆ ಮರೆತುಹೋಗಿರುತ್ತದೆ. ಕೆಳಗಿನ ಹತ್ತು ಪಾಠಗಳೂ ಈ ಒಂದು ಮಾತಿನ ಸುತ್ತಲೇ ಇವೆ.

1. ಎಷ್ಟು ಎನ್ನುವ ಮುಂಚೆ ಯಾವಾಗ ಎಂದು ಕೇಳಿ

ತೆಂಡೂಲ್ಕರ್ ಸಮಿತಿಯ ವಿಧಾನದಂತೆ ಯೋಜನಾ ಆಯೋಗ 2011-12ನೇ ಸಾಲಿಗೆ ಎಳೆದ ಬಡತನದ ರೇಖೆ, ದೇಶದ ಹಳ್ಳಿಗಳಲ್ಲಿ ತಲೆಗೆ ತಿಂಗಳಿಗೆ ₹816, ಪಟ್ಟಣಗಳಲ್ಲಿ ₹1,000. ವಿಶ್ವಬ್ಯಾಂಕ್ 2025ರಲ್ಲಿ ಕಡುಬಡತನದ ತನ್ನ ಗೆರೆಯನ್ನು ದಿನಕ್ಕೆ 2.15 ಡಾಲರ್‌ನಿಂದ 3 ಡಾಲರ್‌ಗೆ ಏರಿಸಿತು. ದೇಶದೇಶಗಳನ್ನು ಹೋಲಿಸಲು ಇಂಥ ಅಳತೆ ಬೇಕೇ ಬೇಕು. ಆದರೆ ದಿನಕ್ಕೆ ಇಷ್ಟು ಎಂದು ಲೆಕ್ಕ ಹಾಕಿದ ದುಡ್ಡು ದಿನವೂ ಕೈಗೆ ಬರುವುದಿಲ್ಲ.

ಯಾವ ಊರಿಗೆ ಹೋದರೂ ನಾವು ಮೊದಲು ಹೆಂಗಸರ ಜೊತೆ ಗುಡಿಯ ಕಟ್ಟೆಯ ಮೇಲೆ ಕೂತು ವರ್ಷದ ಪಟ್ಟಿ ಹಾಕುತ್ತೇವೆ. ಸುಣ್ಣದ ಕಡ್ಡಿಯಲ್ಲಿ ಹನ್ನೆರಡು ಮನೆ. ಜನವರಿ ಫೆಬ್ರುವರಿ ಎಂದರೆ ನಡೆಯದು, ಹಬ್ಬ ಹುಣ್ಣಿಮೆಗಳ ಹೆಸರು ಹೇಳಬೇಕು. ಕೂಲಿ ಸಿಗುವ ತಿಂಗಳಿಗೆ ಜೋಳದ ಕಾಳು, ಖರ್ಚಿನ ತಿಂಗಳಿಗೆ ಹುಣಸೆ ಬೀಜ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಕೆಲಸ, ಕಾಳು ಗುಡ್ಡೆ ಬೀಳುತ್ತವೆ. ಬಿಳಿಜೋಳದ ಸುಗ್ಗಿ ಮುಗಿದು ಹೋಳಿ ಕಳೆದರೆ ಮನೆಗಳು ಖಾಲಿ. ಕಾರಹುಣ್ಣಿಮೆಯ ಹೊತ್ತಿಗೆ ಬೀಜ, ಗೊಬ್ಬರ, ಮಕ್ಕಳ ಶಾಲೆ, ಮಳೆಗಾಲದ ಜ್ವರ, ಹಿಂದೆಯೇ ಪಂಚಮಿಗೆ ತವರಿಗೆ ಬರುವ ಮಗಳು, ಹೀಗೆ ಹುಣಸೆ ಬೀಜವೆಲ್ಲ ಅಲ್ಲಿಗೇ ಹೋಗಿ ಬೀಳುತ್ತದೆ. ಒಮ್ಮೆ ದೇವದುರ್ಗದ ಕಡೆಯ ಹೆಂಗಸೊಬ್ಬಳು ಪಟ್ಟಿಯನ್ನು ನೋಡಿ, ‘ದುಡ್ಡ ಇಲ್ಲಂತಲ್ರಿ, ಬೇಕಾದಾಗ ಇರಂಗಿಲ್ರಿ’ ಅಂದಳು. ಎಷ್ಟೋ ವರದಿಗಳ ಸಾರಾಂಶ ಅಷ್ಟರಲ್ಲಿದೆ.

ಈ ಪಟ್ಟಿ ಕೈಯಲ್ಲಿಲ್ಲದೆ ಯಾವ ಕಾರ್ಯಕ್ರಮವನ್ನೂ ಶುರು ಮಾಡಬೇಡಿ. ಸಂಕ್ರಾಂತಿಯಲ್ಲಿ ಕೊಡುವ ಸಾವಿರಕ್ಕಿಂತ ಆಷಾಢದಲ್ಲಿ ಕೊಡುವ ಐನೂರು ಹೆಚ್ಚು ಕೆಲಸ ಮಾಡುತ್ತದೆ.

2. ಬೀಳುವ ದಾರಿ ಬೇರೆ, ಏಳುವ ದಾರಿ ಬೇರೆ

ಬಡವರು ಯಾವಾಗಲೂ ಅದೇ ಜನ ಎಂದು ಕಚೇರಿಗಳು ನಂಬುತ್ತವೆ. ಊರಲ್ಲಿ ಹಾಗಿರುವುದಿಲ್ಲ. ಹತ್ತು ವರ್ಷದಲ್ಲಿ ಕೆಲವು ಮನೆ ಮೇಲೆದ್ದಿರುತ್ತವೆ, ಅದೇ ಓಣಿಯಲ್ಲಿ ಇನ್ನು ಕೆಲವು ಕೆಳಗೆ ಬಿದ್ದಿರುತ್ತವೆ. ಸಂಶೋಧಕ ಅನಿರುದ್ಧ ಕೃಷ್ಣ ಇದನ್ನೇ ರಾಜಸ್ಥಾನದಿಂದ ಶುರುಮಾಡಿ ಗುಜರಾತ್, ಆಂಧ್ರ ರಾಜ್ಯಗಳು, ಕೀನ್ಯಾ, ಉಗಾಂಡ, ಪೆರು ದೇಶಗಳವರೆಗೆ ಊರ ಜನರ ಬಾಯಿಂದಲೇ ದಾಖಲಿಸಿದರು. 2010ರಲ್ಲಿ ಪುಸ್ತಕವಾಗಿ ಬಂದ ಆ ಕೆಲಸದ ಸಾರ ಇಷ್ಟು: ಏಳುವುದಕ್ಕೆ ಮುಖ್ಯ ಕಾರಣ ಮನೆಗೆ ಎರಡನೆಯ ಆದಾಯ ದಾರಿ ಸಿಗುವುದು, ಬೀಳುವುದಕ್ಕೆ ಎಲ್ಲ ಕಡೆ ಎದ್ದು ಕಾಣುವ ಕಾರಣ ಕಾಯಿಲೆ ಮತ್ತು ಅದರ ಖರ್ಚು.

ನಮ್ಮಲ್ಲಿ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ದೊಡ್ಡ ಆಪರೇಷನ್ನಿಗೆ ಅದು ನಿಜಕ್ಕೂ ಜೀವ ಉಳಿಸುವ ಆಸರೆ. ಆದರೆ ಮನೆ ಮುಳುಗುವುದು ಹಾಸಿಗೆಯ ಖರ್ಚಿಗಷ್ಟೇ ಅಲ್ಲ. ಮಾನ್ವಿ ಕಡೆಯ ಒಂದು ಮನೆಯಲ್ಲಿ ಗಂಡನ ಕಾಲು ಮುರಿದಾಗ ಖರ್ಚು ಹೋದ ಕ್ರಮ ಹೀಗಿತ್ತು: ಮೊದಲು ನಾಟಿ ವೈದ್ಯ, ಆಮೇಲೆ ಖಾಸಗಿ ದವಾಖಾನೆಯಲ್ಲಿ ಎಕ್ಸ್‌ರೇ, ಶಿಫಾರಸು ಪತ್ರಕ್ಕಾಗಿ ಸರ್ಕಾರಿ ಆಸ್ಪತ್ರೆಗೆ ಎರಡೆರಡು ಸಲ ಬಾಡಿಗೆ ಆಟೊ, ಆಪರೇಷನ್ ಉಚಿತ, ಕಾಯಲು ಕೂತವರ ಊಟ ಉಚಿತವಲ್ಲ, ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಮಾತ್ರೆ. ಅಷ್ಟೂ ದಿನ ಇಬ್ಬರ ಕೂಲಿ ಇಲ್ಲ. ಎರಡು ಆಡು ಮಾರಿದರು, ಆಮೇಲೆ ಕೈಗಡ, ಅದರ ಮೇಲೆ ಬಡ್ಡಿ ಸಾಲ, ಕೊನೆಗೆ ಹೈಸ್ಕೂಲಿನ ಮಗಳು ಹತ್ತಿ ಬಿಡಿಸಲು ಹೊರಟಳು.

ಹಾಗಾಗಿ ಬಡತನದ ಕೆಲಸ ಎರಡು ಬಗೆಯದು. ಹಸು ಕೊಡಿಸುವುದು, ಹೊಲಿಗೆ ಕಲಿಸುವುದು ಏರಿಸುವ ಕೆಲಸ. ಹಳ್ಳಿಯ ಉಪಕೇಂದ್ರದಲ್ಲಿ ಬಿಪಿ, ಸಕ್ಕರೆ ಮಾತ್ರೆ ತಪ್ಪದೆ ಸಿಗುವಂತೆ ನೋಡಿಕೊಳ್ಳುವುದು ತಡೆಯುವ ಕೆಲಸ. ಮೊದಲನೆಯದಕ್ಕೆ ಉದ್ಘಾಟನೆ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ.

3. ಸಾಲದಲ್ಲಿ ಬಡ್ಡಿಯಷ್ಟೇ ಕಂತಿನ ದಿನವನ್ನೂ ನೋಡಿ

ಬಡವರಿಗೆ ಹಣದ ವ್ಯವಹಾರ ಗೊತ್ತಿಲ್ಲ ಎನ್ನುವವರು ಒಂದು ಮನೆಯ ಲೆಕ್ಕ ಬರೆದು ನೋಡಲಿ. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾಗಳ 250ಕ್ಕೂ ಹೆಚ್ಚು ಬಡ ಮನೆಗಳ ಹಣದ ದಿನಚರಿಯನ್ನು ವರ್ಷವಿಡೀ ಬರೆದ ಅಧ್ಯಯನವೊಂದು 2009ರಲ್ಲಿ ಪುಸ್ತಕವಾಯಿತು. ಬಾಂಗ್ಲಾದೇಶದ ಆ ಮನೆಗಳಲ್ಲಿ ನಾಲ್ಕಕ್ಕಿಂತ ಕಡಿಮೆ ಬಗೆಯ ಉಳಿತಾಯ, ಸಾಲದ ದಾರಿಗಳನ್ನು ಬಳಸಿದ ಮನೆ ಒಂದೂ ಇರಲಿಲ್ಲ. ನಮ್ಮಲ್ಲೂ ಅದೇ ಕತೆ. ಸಂಘದ ಸಾಲ, ಮೈಕ್ರೊಫೈನಾನ್ಸ್, ಅಂಗಡಿ ಉದ್ರಿ, ಮೇಸ್ತ್ರಿಯ ಮುಂಗಡ, ಚೀಟಿ, ಅಣ್ಣತಮ್ಮಂದಿರ ಕೈಗಡ ಎಲ್ಲ ಒಂದೇ ಸೂರಿನಡಿ ಇರುತ್ತವೆ.

ಮಹಿಳಾ ಸಂಘಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಇಲ್ಲಿ ಬೆಳೆಸಿದ ಗುಂಪುಗಳ ಅನುಭವ, ನಬಾರ್ಡ್ 1992ರಲ್ಲಿ ಶುರುಮಾಡಿದ ಸಂಘ–ಬ್ಯಾಂಕ್ ಜೋಡಣೆಗೆ ತಳಹದಿಯಾಯಿತು. ಆ ಗುಂಪುಗಳ ಗುಣ ಇದ್ದದ್ದು ಸದಸ್ಯರೇ ಕಂತಿನ ದಿನ ಗೊತ್ತುಮಾಡುವುದರಲ್ಲಿ. ಹತ್ತಿ ಮಾರಿದ ಮೇಲೆ ಕಟ್ಟುತ್ತೇನೆ ಎಂದರೆ ಗುಂಪು ಒಪ್ಪುತ್ತಿತ್ತು, ಯಾಕೆಂದರೆ ಎಲ್ಲರ ಹತ್ತಿಯೂ ಒಂದೇ ಸಲ ಬಿರಿಯುತ್ತದೆ.

ವಾರದ ಕಂತಿನ ಸಾಲಕ್ಕೆ ಹೊಲದ ಪಂಚಾಂಗ ಗೊತ್ತಿಲ್ಲ. ವೈಶಾಖದಲ್ಲೂ ಮಂಗಳವಾರ ಬೆಳಿಗ್ಗೆ ಕಂತು ಕಟ್ಟಲೇಬೇಕು. ಆಗ ಒಬ್ಬರ ಕಂತಿಗೆ ಇನ್ನೊಬ್ಬರ ಸಾಲ, ಅದರ ಕಂತಿಗೆ ಮತ್ತೊಬ್ಬರ ಸಾಲ. ಗುಂಪಿನ ಜಾಮೀನು ಇರುವುದರಿಂದ ನೆರೆಮನೆಯವಳೇ ವಸೂಲಿಗೆ ನಿಲ್ಲುತ್ತಾಳೆ. ಆಂಧ್ರಪ್ರದೇಶ 2010ರಲ್ಲಿ ಈ ಬಿಕ್ಕಟ್ಟಿಗೆ ಸುಗ್ರೀವಾಜ್ಞೆ ತಂದಿತು. ಕಿರುಕುಳ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳ ನಡುವೆ ಕರ್ನಾಟಕವೂ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ವಿಧಿಸುವ ಸುಗ್ರೀವಾಜ್ಞೆ ತಂದಿತು. ಕಾನೂನು ಬೇಕಿತ್ತು. ಆದರೆ ಆಷಾಢದಲ್ಲಿ ಸಣ್ಣ ಮೊತ್ತವನ್ನು ಕಾರಣ ಕೇಳದೆ ಕೊಡುವ, ಸುಗ್ಗಿಯಲ್ಲಿ ವಾಪಸು ಪಡೆಯುವ ಒಂದು ಕೈ ಊರಲ್ಲಿ ಇಲ್ಲದಿದ್ದರೆ ಜನ ಮತ್ತೆ ಅದೇ ಬಾಗಿಲಿಗೆ ಹೋಗುತ್ತಾರೆ.

4. ತಡವಾದ ಕೂಲಿಗೆ ಬಡ್ಡಿ ಕಟ್ಟುವವನು ಕೂಲಿಕಾರ

ಬೇಸಿಗೆಯ ಖಾಲಿ ಮನೆಗಳನ್ನು ತುಂಬಲೆಂದೇ ಬಂದದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆ. 2006ರ ಮೊದಲ ಹಂತಕ್ಕೆ ಆಯ್ದ ದೇಶದ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬ ಮಾತು ನಮ್ಮ ಹೊಲಗಳಿಗೆ ಬಂದದ್ದೇ ಈ ಕೆಲಸದಿಂದ. 2025-26ರಲ್ಲಿ ಕರ್ನಾಟಕದ ದಿನಗೂಲಿ ₹370. ಖಾತ್ರಿಯ ನೂರು ದಿನಕ್ಕೆ ₹37,000. ಕಾಗದದ ಮೇಲೆ ಒಳ್ಳೆಯ ಲೆಕ್ಕ.

ಈಗ ತಡದ ಲೆಕ್ಕ ಹಾಕಿ. ಕಾಯ್ದೆಯ ಪ್ರಕಾರ ಕೂಲಿ 15 ದಿನದೊಳಗೆ ಬರಬೇಕು. ತಡವಾದರೆ ದಿನಕ್ಕೆ ಶೇ 0.05 ಪರಿಹಾರ. ಅಂದರೆ ತಿಂಗಳಿಗೆ ಶೇ 1.5. ಆರು ದಿನದ ಕೂಲಿ ₹2,220 ಒಂದು ತಿಂಗಳು ತಡವಾದರೆ ಪರಿಹಾರ ₹33 ಚಿಲ್ಲರೆ. ಅಷ್ಟೂ ದಿನ ಮನೆ ನಡೆಸಲು ಅದೇ ಮೊತ್ತವನ್ನು ನೂರಕ್ಕೆ ಐದರ ಬಡ್ಡಿಗೆ ತಂದರೆ ಕಟ್ಟಬೇಕಾದ್ದು ₹111. ಆ ಪರಿಹಾರವೂ ತಾನಾಗಿ ಕೈಗೆ ಬರುವುದು ಅಪರೂಪ. ಅಂದರೆ ಸರ್ಕಾರದ ತಡಕ್ಕೆ ಕೂಲಿಕಾರ್ತಿ ಬಡ್ಡಿ ಕಟ್ಟುತ್ತಾಳೆ. ಎರಡು ಸಲ ಹೀಗಾದರೆ ಮೂರನೆಯ ಸಲ ಅವಳು ಖಾತ್ರಿ ಕೆಲಸಕ್ಕೆ ಬರುವುದಿಲ್ಲ, ಕಡಿಮೆ ಕೂಲಿಯಾದರೂ ಸಂಜೆಗೆ ಕೈಗೆ ಕೊಡುವ ಗೌಡರ ಹೊಲಕ್ಕೆ ಹೋಗುತ್ತಾಳೆ. ಆಮೇಲೆ ‘ಜನರಿಗೆ ಕೆಲಸ ಬೇಡವಾಗಿದೆ’ ಎಂದು ಬರೆಯಲಾಗುತ್ತದೆ.

ಕಾಯ್ದೆಯ ಹೆಸರು, ದಿನಗಳ ಸಂಖ್ಯೆ ಮುಂದೆ ಏನೇ ಆಗಲಿ, ಸಂಘದವರಿಗೆ ನಾನು ಹೇಳುವುದು ಎರಡೇ: ಕೆಲಸ ಬೇಡುವ ನಮೂನೆ 6ಕ್ಕೆ ತಾರೀಖು ಹಾಕಿದ ರಸೀದಿ ಇಲ್ಲದೆ ಪಂಚಾಯಿತಿಯಿಂದ ಹೊರಗೆ ಬರಬೇಡಿ, ಬೇಡಿಕೆಯನ್ನು ಶಿವರಾತ್ರಿ ದಾಟುವ ಮುಂಚೆ ಸಲ್ಲಿಸಿ. ಯುಗಾದಿ ಕಳೆದ ಮೇಲೆ ಅರ್ಜಿ ಕೊಟ್ಟರೆ ಕೆಲಸ ಶುರುವಾಗುವಷ್ಟರಲ್ಲಿ ಮಳೆ ಬರುತ್ತದೆ.

5. ಕಾಗದದ ಕೆಲಸವೂ ಬಡತನದ ಕೆಲಸವೇ

ಹೊಸಬರಿಗೆ ಅರ್ಜಿ ಬರೆಯುವುದು ಸಣ್ಣ ಕೆಲಸವೆನಿಸುತ್ತದೆ. ಆಧಾರ್‌ನಲ್ಲಿ ‘ಅಮ್ಮ’ ಎಂದು ಮುಗಿಯುವ ಹೆಸರು ಪಾಸ್‌ಬುಕ್ಕಿನಲ್ಲಿ ‘ಅವ್ವ’ ಎಂದಿರುತ್ತದೆ, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರೇ ಬೇರೆ. ಪಿಂಚಣಿ ನಿಲ್ಲಲು ಅಷ್ಟು ಸಾಕು. ಕಲ್ಲು ಹೊತ್ತು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ.

ಇದಕ್ಕಿಂತ ದೊಡ್ಡದು ಪೌತಿ ಖಾತೆ. ಅಜ್ಜ ತೀರಿಕೊಂಡು ದಶಕಗಳಾದರೂ ಪಹಣಿ ಅವನ ಹೆಸರಲ್ಲೇ ಇರುತ್ತದೆ. ಹಿಸ್ಸೆ ಬಗೆಹರಿದಿಲ್ಲ, ವಂಶವೃಕ್ಷ ಮಾಡಿಸಿಲ್ಲ, ಒಬ್ಬ ತಮ್ಮ ಪುಣೆಯಲ್ಲಿದ್ದಾನೆ, ಸಹಿಗೆ ಬಂದಿಲ್ಲ. ಉತ್ತು ಬಿತ್ತುವವನಿಗೆ ಬೆಳೆಸಾಲ ಇಲ್ಲ, ಬೆಳೆಹಾನಿ ಪರಿಹಾರ ಇಲ್ಲ. ಲಾವಣಿಗೆ ಹೊಲ ಮಾಡುವವನ ಪಾಡು ಇನ್ನೂ ಕಷ್ಟ: ನಷ್ಟ ಅವನದು, ಪರಿಹಾರ ಹೊಲದ ಮಾಲೀಕನದು. ಒಂದು ಊರಿನ ಪೌತಿ ಖಾತೆಗಳನ್ನೆಲ್ಲ ಸರಿಪಡಿಸಿಕೊಟ್ಟರೆ ಆಗುವ ಲಾಭ ಹತ್ತು ತರಬೇತಿ ಶಿಬಿರಗಳಿಂದ ಆಗದು.

6. ಚಿಕ್ಕ ಮೊತ್ತವಾದರೂ ತಪ್ಪದೆ ಬರಲಿ

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ಮನೆಯೊಡತಿಗೆ ತಿಂಗಳಿಗೆ ₹2,000. ಪುಕ್ಕಟೆ ದುಡ್ಡು ಜನರನ್ನು ಸೋಮಾರಿ ಮಾಡುತ್ತದೆ ಎಂಬ ಮಾತು ಪಟ್ಟಣದ ಚಹಾದಂಗಡಿಯಲ್ಲಿ ಈಗಲೂ ಕೇಳುತ್ತದೆ. ಆರು ಅಭಿವೃದ್ಧಿಶೀಲ ದೇಶಗಳ ಏಳು ಸರ್ಕಾರಿ ನಗದು ಯೋಜನೆಗಳನ್ನು ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಒಟ್ಟಿಗೆ ಪರಿಶೀಲಿಸಿದಾಗ, ಅದರಿಂದ ಜನ ದುಡಿಮೆ ಬಿಟ್ಟರು ಎನ್ನಲು ಆಧಾರ ಸಿಗಲಿಲ್ಲ. ಹಳ್ಳಿಯಲ್ಲಿ ನಾನು ಕಂಡದ್ದೂ ಅದೇ. ಆ ದುಡ್ಡು ಅಂಗಡಿ ಉದ್ರಿಗೆ, ಮಾತ್ರೆಗೆ, ಮಗಳ ಹಾಸ್ಟೆಲ್ ಸಾಮಾನಿಗೆ ಹೋಗುತ್ತದೆ.

ಆದರೆ ಒಂದು ಸೂಕ್ಷ್ಮ ಇದೆ. ತಿಂಗಳಿಗೊಮ್ಮೆ ಬಂದ ಎರಡು ಸಾವಿರಕ್ಕೂ ಮೂರು ತಿಂಗಳು ಕಾಯಿಸಿ ಒಟ್ಟಿಗೆ ಬಂದ ಆರು ಸಾವಿರಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ನಂಬಿ ಹೆಂಗಸು ಸಾಲ ತಪ್ಪಿಸಿಕೊಳ್ಳುತ್ತಾಳೆ. ಎರಡನೆಯದು ಬರುವ ಹೊತ್ತಿಗೆ ಸಾಲವಾಗಿರುತ್ತದೆ. ಬಂದದ್ದು ಸಾಲಕ್ಕೆ ಜಮೆ. ಬಜೆಟ್ಟಿನಲ್ಲಿ ಎರಡೂ ಒಂದೇ ಖರ್ಚು.

7. ಆಡು ಕೊಟ್ಟು ಬಂದರೆ ಸಾಲದು

ಆಡು ಹಂಚಿ ಫೋಟೊ ತೆಗೆಸಿಕೊಂಡು ಬರುವ ಕಾರ್ಯಕ್ರಮಗಳನ್ನು ಬೇಕಾದಷ್ಟು ನೋಡಿದ್ದೇನೆ. ಮುಂದಿನ ಆಷಾಢದಲ್ಲಿ ಆಡು ಸಂತೆಯಲ್ಲಿರುತ್ತದೆ. ಮನೆಯಲ್ಲಿ ಜೋಳ ಮುಗಿದಾಗ ಆಡು ಮಾರುವುದು ಬುದ್ಧಿವಂತಿಕೆಯೇ, ಅದಕ್ಕಾಗಿ ಯಾರನ್ನೂ ಬೈಯುವಂತಿಲ್ಲ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗೆಂದು ರೂಪಿಸಿದ ಕ್ರಮದಲ್ಲಿ ಇದಕ್ಕೆ ಉತ್ತರವಿದೆ. ಪ್ರಾಣಿ ಕೊಡುವುದರ ಜೊತೆಗೆ ಕೆಲವು ತಿಂಗಳು ಊಟದ ಖರ್ಚನ್ನೂ ಕೊಡುವುದು, ಸಾಕಣೆ ಕಲಿಸುವುದು, ಉಳಿತಾಯ ಮಾಡಿಸುವುದು, ಸುಮಾರು ಎರಡು ವರ್ಷ ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸುತ್ತಿರುವುದು. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರುಗಳಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನೆರವು ನಿಂತು ವರ್ಷ ಕಳೆದ ಮೇಲೂ ಬಹುತೇಕ ಕಡೆ ಲಾಭ ಉಳಿದಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳು ರೋಗಕ್ಕೆ ಸತ್ತು ಫಲ ನಿಲ್ಲಲಿಲ್ಲ. ನಮ್ಮಲ್ಲಿ ಆಡಿಗೆ ಪಿಪಿಆರ್, ಕುರಿಗೆ ನೀಲಿನಾಲಿಗೆ. ಲಸಿಕೆ ಹಾಕುವವರು ಎಷ್ಟು ದೂರದಲ್ಲಿದ್ದಾರೆ ಎಂದು ನೋಡದೆ ಪ್ರಾಣಿ ಹಂಚಬಾರದು.

8. ಜನ ಇರುವಲ್ಲಿಗೆ ಒಯ್ಯಿರಿ

2017ರ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. ಆಶಯ ಒಳ್ಳೆಯದು. ಆದರೆ ಕೂಲಿಗೆ ಹೋದವಳು ಮಧ್ಯಾಹ್ನ ಹೊಲದಿಂದ ಬರುವುದು ಹೇಗೆ? ಹಸಿ ಬಾಣಂತಿಯನ್ನು ಹೊಸ್ತಿಲು ದಾಟಿಸುವವರು ಯಾರು? 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ, ವಿಜಯಪುರಗಳ ಶಾಲೆಗಳಲ್ಲಿ ಮೊದಲು ಶುರುವಾದ ಮೊಟ್ಟೆ, ವಿರೋಧದ ನಡುವೆಯೂ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಮಗು ಹೇಗೂ ಶಾಲೆಯಲ್ಲೇ ಇರುತ್ತದೆ. ಮೊಟ್ಟೆ ತಟ್ಟೆಗೆ ಬಂದರೆ ಸಾಕು.

ಸಭೆಗೂ ಇದೇ ಮಾತು. ಊರ ಮುಂದಿನ ಗುಡಿಯಲ್ಲಿ ಸಭೆ ಕರೆದರೆ ಕೇರಿಯ ಜನ ದೂರ ನಿಲ್ಲುತ್ತಾರೆ, ಮಾಜಿ ದೇವದಾಸಿಯರು ಬರುವುದೇ ಇಲ್ಲ. ಕೇರಿಯಲ್ಲಿ, ದೀಪ ಹಚ್ಚಿದ ಮೇಲೆ ಕೂತರೆ ಪಟ್ಟಿಯಲ್ಲಿ ಇಲ್ಲದ ಹೆಸರುಗಳು ಆಗ ಕೇಳಿಬರುತ್ತವೆ.

9. ಗುಳೆಯನ್ನು ರೋಗವೆಂದು ನೋಡಬೇಡಿ

ಗುಳೆ ತಡೆಯುತ್ತೇವೆ ಎಂಬ ಭಾಷಣ ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ. ಬೆಂಗಳೂರಿನ ಕಟ್ಟಡದ ಕೆಲಸದಿಂದ ಸೂರಿಗೆ ಆರ್‌ಸಿಸಿ ಹಾಕಿಸಿದ ಮನೆಗಳೂ ನಮ್ಮ ಊರುಗಳಲ್ಲಿವೆ. ಗುಳೆ ಹೋದವನು ಹೇಗೆ ಹೋದ ಎಂಬುದೇ ಮುಖ್ಯ ಪ್ರಶ್ನೆ. ಮೇಸ್ತ್ರಿಯಿಂದ ಮುಂಗಡ ಪಡೆದು ಹೋದವನು ಕೂಲಿಯ ದರ ಕೇಳುವಂತಿಲ್ಲ, ನಡುವೆ ಬಿಟ್ಟು ಬರುವಂತಿಲ್ಲ. 1976ರ ಕಾನೂನು ರದ್ದು ಮಾಡಿದ ಜೀತ ಇಂಥ ಮುಂಗಡದ ರೂಪದಲ್ಲಿ ತಗಡಿನ ಶೆಡ್ಡುಗಳಲ್ಲಿ ಉಳಿದುಕೊಂಡಿದೆ. ಮುಂಗಡವಿಲ್ಲದೆ ಹೋಗುವಷ್ಟು ಕಾಳು ಮನೆಯಲ್ಲಿರುವುದು, ಹೋದಲ್ಲಿ ರೇಷನ್ ಸಿಗುವುದು, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಬೇಕಾದ 90 ದಿನದ ಕೆಲಸದ ದೃಢೀಕರಣ ಸಿಗುವುದು, ಮಕ್ಕಳಿಗೆ ಊರಲ್ಲೇ ಋತುಮಾನದ ವಸತಿಶಾಲೆ ಇರುವುದು: ಇಷ್ಟಾದರೆ ಗುಳೆ ಒಂದು ನೌಕರಿಯಾಗುತ್ತದೆ.

10. ಸರಾಸರಿಗೆ ಕೈ ಮುಗಿದು, ತಾರೀಖು ಕೇಳಿ

ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ ಪೌಷ್ಟಿಕತೆ, ಶಾಲೆ, ನೀರು, ಶೌಚಾಲಯ, ಮನೆ ಮುಂತಾದ 12 ಅಂಶಗಳನ್ನು ನೋಡುತ್ತದೆ. ಅದರಂತೆ 2015-16ರಿಂದ 2019-21ರ ನಡುವೆ ದೇಶದ ಬಡವರ ಪ್ರಮಾಣ ಶೇ 24.85ರಿಂದ 14.96ಕ್ಕೆ, ಕರ್ನಾಟಕದ್ದು ಶೇ 12.77ರಿಂದ 7.58ಕ್ಕೆ ಇಳಿಯಿತು. ಸಂತೋಷಪಡಬೇಕಾದ ಇಳಿಕೆ. ಅದೇ ಹೊತ್ತಿಗೆ ಯಾದಗಿರಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಆ ಪಟ್ಟಿಯೊಳಗಿದ್ದರು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ದಶಕ ದಾಟಿದೆ. ನೇಮಕಾತಿ, ಸೀಟು, ಅನುದಾನ ಬಂದಿವೆ. ಅವು ಓದಿದವರ ಮನೆಗೆ ಮೊದಲು ಮುಟ್ಟುತ್ತವೆ.

ಕೂಲಿಯವರ ಮನೆಗೆ ಬೇಗ ಮುಟ್ಟುವ ಸುಧಾರಣೆ ಒಂದಿದೆ, ಅದಕ್ಕೆ ಹೊಸ ಯೋಜನೆ ಬೇಕಿಲ್ಲ. ಸರ್ಕಾರಿ ನೌಕರನಿಗೆ ಸಂಬಳದ ದಿನ ಗೊತ್ತಿದೆ. ಅದನ್ನು ನಂಬಿ ಅವನು ಬ್ಯಾಂಕ್ ಸಾಲ ಪಡೆಯುತ್ತಾನೆ, ಮಗನನ್ನು ಕಾಲೇಜಿಗೆ ಹಾಕುತ್ತಾನೆ. ಖಾತ್ರಿ ಕೂಲಿಗೆ, ಪಿಂಚಣಿಗೆ, ಗೃಹಲಕ್ಷ್ಮಿಗೆ, ಬೆಳೆಹಾನಿ ಪರಿಹಾರಕ್ಕೆ ಅಂಥದೇ ಒಂದು ತಾರೀಖು ಗೊತ್ತುಮಾಡಿ ಪಂಚಾಯಿತಿ ಗೋಡೆಯ ಮೇಲೆ ಬರೆಸಲಿ. ತಪ್ಪಿದ ದಿನಕ್ಕೆ ಊರಿನ ಬಡ್ಡಿಯ ದರದಲ್ಲೇ ಪರಿಹಾರ ಸೇರಿಸಿ ಕೊಡಲಿ. ತಡ ಮಾಡುವುದು ಖಜಾನೆಗೆ ದುಬಾರಿಯಾಗುವವರೆಗೆ ಅದರ ಬೆಲೆಯನ್ನು ಕೂಲಿಕಾರ್ತಿಯೇ ತೆರುತ್ತಿರುತ್ತಾಳೆ.